ಸಿಸ್ಟರ್ ಸೊಂಟ ಯಾಕೆ ನೋಯುತ್ತೆ?

70 ಕೆ.ಜಿ. ತೂಕದ ರೋಗಿ ಹಾಸಿಗೆಯಲ್ಲಿ ಕೆಳಗೆ ಜಾರಿದ್ದಾರೆ. ಇಬ್ಬರು ಸಿಸ್ಟರ್‌ಗಳು ಕಂಕುಳಿಗೆ ಕೈ ಕೊಟ್ಟು, ಬಗ್ಗಿ, ಸೊಂಟ ತಿರುಚಿ ಮೇಲಕ್ಕೆ ಎಳೀತಾರೆ. ಬೆನ್ನುಮೂಳೆಯ ಕೆಳಗಿನ ಡಿಸ್ಕ್‌ಗೆ ಪೆಟ್ಟು ಬೀಳೋದು ಇಲ್ಲೇ. ದಿನಕ್ಕೆ ಎಷ್ಟು ಸಲ!

ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ನಯೋಶ್ ಸಂಸ್ಥೆಯ ಪ್ರಕಾರ, ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಸುಮಾರು 16 ಕೆ.ಜಿ.ಗಿಂತ ಹೆಚ್ಚು ಭಾರ ಬೀಳಬಾರದು. ಇಲ್ಲಿ ಅರ್ಧರ್ಧ ಹಂಚಿಕೊಂಡರೂ 35.

ಹಾಗಿರುವಾಗ ‘ಸರಿಯಾಗಿ ಬಗ್ಗೋದು ಕಲೀರಿ’ ಅಂತ ನರ್ಸ್‌ಗಳಿಗೇ ಹೇಳೋದು ಅನ್ಯಾಯ. ಎತ್ತರ ಹೊಂದಿಸೋ ಮಂಚ ಕೊಡಿ. ರೋಗಿಯ ಕೆಳಗೆ ನುಣುಪಾದ ಸ್ಲೈಡ್ ಶೀಟ್ ಹಾಸಿದರೆ ಎತ್ತದೆ ಜಾರಿಸಬಹುದು. ವಾರ್ಡಿಗೆ ಇನ್ನಷ್ಟು ಜನ ಬೇಕು, ನೈಟ್ ಡ್ಯೂಟಿ ಮುಗಿಸಿದವರಿಗೆ ನಿದ್ದೆ ಬೇಕು.

ಸಿಸ್ಟರ್, ನೋವು ಕಾಲಿಗಿಳಿದು ಜೋಮು ಹಿಡಿದರೆ ಸ್ಪ್ರೇ ಹೊಡ್ಕೊಂಡು ಡ್ಯೂಟಿಗೆ ಓಡಬೇಡಿ. ಮೂಳೆ ಡಾಕ್ಟರಿಗೆ ತೋರಿಸಿ.