ನೆರೆಮನೆಗೆ ಹೋದ ತಟ್ಟೆ

ಕ್ರಿಸ್ಮಸ್ ಸಮೀಪಿಸಿತೆಂದರೆ ಮಂಗಳೂರು ಸೀಮೆಯ ಕಥೋಲಿಕ ಮನೆಗಳಲ್ಲಿ ಕುಸ್ವಾರಿನ ಸಡಗರ. ಎಳ್ಳು, ತೆಂಗಿನ ಹೂರಣದ ನೆವ್ರಿ, ಬಾಚಣಿಗೆಯ ಮೇಲೊತ್ತಿ ಸುರುಳಿ ಮಾಡಿದ ಕಿಡ್ಯೊ, ತುಕ್ಡಿ, ಚಕ್ಕುಲಿ, ಎಲ್ಲವೂ ಡಬ್ಬಿ ಸೇರಿದರೂ ಮಕ್ಕಳು ಮುಟ್ಟುವಂತಿರಲಿಲ್ಲ. ಮೊದಲ ಪಾಲು ನೆರೆಹೊರೆಗೆ.

ಬಾಲ್ಯದಲ್ಲಿ ಆ ತಟ್ಟೆಗಳನ್ನು ಹೊತ್ತೊಯ್ಯುವ ಕೆಲಸ ನನ್ನದಾಗಿತ್ತು. ಒಂದು ಮನೆಗೆ ಮಾತ್ರ ತಾಯಿ ಬಾಳೆಹಣ್ಣು, ತೆಂಗಿನಕಾಯಿ, ಸಕ್ಕರೆಗಳನ್ನಷ್ಟೇ ಕಳುಹಿಸುತ್ತಿದ್ದರು. ನಮ್ಮ ಒಲೆಯಲ್ಲಿ ಬೆಂದುದು ಅವರಿಗೆ ಸಲ್ಲದು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ದೂರುವುದಾದರೂ ಯಾರನ್ನು? ಚೌತಿಯಂದು ಅವರ ಮನೆಯಿಂದ ಬಂದ ಕಡುಬನ್ನು ನೈವೇದ್ಯದ್ದೆಂದು ನಮ್ಮ ಅಜ್ಜಿ ಹಟ್ಟಿಯ ಹಸುವಿಗೆ ಹಾಕುತ್ತಿದ್ದರು!

ಒಂದು ಮಳೆಗಾಲದಲ್ಲಿ ನಮ್ಮ ಮನೆಮಂದಿಯೆಲ್ಲ ಜ್ವರದಿಂದ ಮಲಗಿದೆವು. ಆ ಮನೆಯ ಹಿರಿಯಮ್ಮ ಕೊಡೆ ಹಿಡಿದು ಗಂಜಿಯ ಪಾತ್ರೆಯೊಡನೆ ಬಂದರು. ಅಜ್ಜಿ ಮರುಮಾತಿಲ್ಲದೆ ಉಂಡರು.

ಗುರುಮಠದ ತತ್ತ್ವಶಾಸ್ತ್ರದ ತರಗತಿಗಳಲ್ಲಿ ದಾನದ ವಿಚಾರವನ್ನು ನಾನು ಬಹಳವಾಗಿ ಓದಿದ್ದೇನೆ; ಸ್ವೀಕಾರದ ವಿಚಾರವನ್ನು ಅಷ್ಟಾಗಿ ಓದಲಿಲ್ಲ. ಕೊಡುವವನ ಕೈ ಮೇಲಿರುತ್ತದೆ, ಆದ್ದರಿಂದ ಕೊಡುವುದು ಸುಲಭ. ಸಮಾರಿಯದ ಸ್ತ್ರೀಯೊಡನೆ ಪ್ರಭು ಯೇಸು ಮಾತು ಆರಂಭಿಸಿದ್ದು ಆಕೆಯಿಂದ ನೀರು ಕೇಳಿ. ಅದೂ ಅವರ ಪಾತ್ರೆಯನ್ನು ಇವರು ಬಳಸದ ಕಾಲದಲ್ಲಿ.

ಆ ವರ್ಷದ ಕ್ರಿಸ್ಮಸ್‌ಗೆ ತಾಯಿ ಅಳುಕುತ್ತಲೇ ಬಾಳೆಹಣ್ಣಿನ ಪಕ್ಕದಲ್ಲಿ ನಾಲ್ಕು ನೆವ್ರಿಗಳನ್ನಿಟ್ಟರು. ಹಿರಿಯಮ್ಮ ಜಗಲಿಯಲ್ಲಿ ನಿಂತು ತಟ್ಟೆಯನ್ನು ಕ್ಷಣಕಾಲ ನೋಡಿದರು. ಒಂದನ್ನು ಮುರಿದು ಬಾಯಿಗಿಟ್ಟರು.

"ಎಳ್ಳು ಹದವಾಗಿ ಹುರಿದಿದ್ದಾರೆ ಅಂತ ಅಮ್ಮನಿಗೆ ಹೇಳು ಮಾಣಿ," ಎಂದರು.

ನಾನು ಗದ್ದೆಯ ಹುಣಿಯಲ್ಲಿ ಓಡುತ್ತಲೇ ಮನೆ ಸೇರಿದೆ.