ಐದು ಸೆಂಟಿನ ಸೌಧ

ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯನ್ನು ಕಣ್ಣಾರೆ ಕಾಣಬೇಕಾದರೆ ನ್ಯೂಯಾರ್ಕ್ ನಗರದ ವುಲ್ವರ್ತ್ ಸೌಧವನ್ನು ನೋಡಬೇಕು. ಐದು ಸೆಂಟು, ಹತ್ತು ಸೆಂಟಿಗೆ ಸಾಮಾನು ಮಾರುವ ಅಂಗಡಿಗಳನ್ನು ಊರೂರಿನಲ್ಲಿ ತೆರೆದು ಸಿರಿವಂತನಾದ ಫ್ರಾಂಕ್ ವುಲ್ವರ್ತ್ ಎಂಬ ವರ್ತಕನು ತನ್ನ ಕಚೇರಿಗೆಂದೂ ಬಾಡಿಗೆಗೆಂದೂ ಕಟ್ಟಿಸಿದ ಕಟ್ಟಡವಿದು. ಎತ್ತರ 792 ಅಡಿ. 1913ರ ಏಪ್ರಿಲ್ 24ರಂದು ಅಧ್ಯಕ್ಷ ವಿಲ್ಸನ್ನರು ವಾಷಿಂಗ್ಟನ್ನಿನಲ್ಲಿ ಗುಂಡಿಯೊತ್ತಿದೊಡನೆ ಇಲ್ಲಿ ದೀಪಗಳು ಬೆಳಗಿದವು. ಮುಂದೆ 1930ರವರೆಗೆ ಲೋಕದ ಕಟ್ಟಡಗಳಲ್ಲೆಲ್ಲ ಇದೇ ಎತ್ತರವಾದದ್ದು.

ಆದರೆ ದೂರದಿಂದ ನೋಡಿದವರಿಗೆ ಇದು ವ್ಯಾಪಾರದ ಮನೆಯೆಂದು ತೋರದು. ಯೂರೋಪಿನ ಹಳೆಯ ಇಗರ್ಜಿಯಂತೆ ತೋರುತ್ತದೆ. ಮೊನಚು ಕಮಾನು, ಚೂಪು ಶಿಖರ, ಮೈತುಂಬ ಕುಸುರಿ. ಇದು ಗಾಥಿಕ್ ಶೈಲಿ. 12ನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಕೆಲಕಾಲ ಹಿಂದೆ ಸರಿದು, 19ನೆಯ ಶತಮಾನದಲ್ಲಿ ಮತ್ತೆ ಮೆರೆಯಿತು. ಹಳೆಯ ಇಗರ್ಜಿಗಳಲ್ಲಿ ಕಲ್ಲಿನ ಕಂಬ, ಕಮಾನುಗಳೇ ಭಾರ ಹೊರುತ್ತಿದ್ದವು. ಇಲ್ಲಿಯಾದರೋ ಭಾರವೆಲ್ಲ ಒಳಗಿನ ಉಕ್ಕಿನ ಹಂದರದ ಮೇಲೆ. ಹೊರಗೆ ಕಾಣುವ ಕುಸುರಿಯ ಬಹುಭಾಗ ಆ ಹಂದರಕ್ಕೆ ತಗುಲಿಸಿದ, ಮೆರುಗು ಕೊಟ್ಟ ಸುಟ್ಟಮಣ್ಣಿನ ಬಿಲ್ಲೆಗಳು.

ಹಾಗಾದರೆ ಇದು ಬರಿಯ ವೇಷವಲ್ಲವೆ ಎಂದು ನೀವು ಕೇಳಬಹುದು. ಪೂರ್ತಿ ವೇಷವಲ್ಲ. ಬೆಂಕಿಯ ಕಾವಿಗೆ ಉಕ್ಕು ಬಲಗುಂದುತ್ತದೆ. ಸುಟ್ಟಮಣ್ಣು ಅದಕ್ಕೆ ಕವಚ. ಅಲ್ಲದೆ ಶಿಲ್ಪಿ ಕ್ಯಾಸ್ ಗಿಲ್ಬರ್ಟ್ ನೆಲದಿಂದ ನೆತ್ತಿಯ ಕಡೆಗೆ ಎಳೆದ ಉದ್ದುದ್ದ ಗೆರೆಗಳು ಕಟ್ಟಡದ ಎತ್ತರವನ್ನು ಮರೆಸುವುದಿಲ್ಲ, ಎತ್ತಿ ತೋರಿಸುತ್ತವೆ. ಒಳಗಿನ ಮೊಗಸಾಲೆಯಲ್ಲಿ ಸಣ್ಣ ವಿನೋದವೂ ಉಂಟು. ಅಲ್ಲಿನ ಗೊಂಬೆಗಳಲ್ಲಿ ವುಲ್ವರ್ತ್ ಚಿಲ್ಲರೆ ಕಾಸು ಎಣಿಸುತ್ತಾನೆ; ಗಿಲ್ಬರ್ಟ್ ಕಟ್ಟಡದ ಮಾದರಿಯನ್ನು ಅಪ್ಪಿಕೊಂಡಿದ್ದಾನೆ.

ಕವಚಕ್ಕೂ ಮುಪ್ಪುಂಟು. ಬಿಲ್ಲೆಗಳ ಸಂದಿನಲ್ಲಿ ನೀರಿಳಿಯಿತು. ಹಿಂದಿನ ಕಬ್ಬಿಣ ತುಕ್ಕು ಹಿಡಿಯಿತು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಅದು ಉಬ್ಬಿದರೆ ಬಿಲ್ಲೆ ಬಿರಿಯುತ್ತದೆ. ಅಷ್ಟೆತ್ತರದಿಂದ ಒಂದು ಚೂರು ಕಳಚಿದರೂ ಬೀದಿಯಲ್ಲಿ ನಡೆಯುವವರ ಪ್ರಾಣಕ್ಕೆ ಸಂಚಕಾರವಷ್ಟೆ! 1977ರಿಂದ 1981ರವರೆಗೆ ನಡೆದ ದುರಸ್ತಿಯಲ್ಲಿ ಸುಮಾರು 26,000 ಬಿಲ್ಲೆಗಳನ್ನು ತೆಗೆದು, ಅವುಗಳ ಜಾಗದಲ್ಲಿ ಅದೇ ರೂಪದ ಕಾಂಕ್ರೀಟು ಬಿಲ್ಲೆಗಳನ್ನು ಕೂರಿಸಿದರು. 1998ರಲ್ಲಿ ಕಂಪನಿ ಸೌಧವನ್ನು ಮಾರಿತು. ಆಮೇಲೆ ಮೇಲಿನ ಅಂತಸ್ತುಗಳು ವಾಸದ ಮನೆಗಳಾದವು. ಒಡೆಯರು ಬದಲಾದರು, ಉಪಯೋಗವೂ ಬದಲಾಯಿತು. ಕಟ್ಟಡ ಮಾತ್ರ ನಿಂತಿದೆ.

ನಿಮ್ಮೂರ ಪೇಟೆಯಲ್ಲಿಯೂ ಗಾರೆಯ ಹೂಬಳ್ಳಿಗಳಿರುವ ಹಳೆಯ ಮಳಿಗೆಯೊಂದಿದ್ದರೆ, ಅದನ್ನು ಕೆಡವುವ ಮಾತೆತ್ತುವ ಮುನ್ನ ನೀರು ಎಲ್ಲಿ ಇಳಿಯುತ್ತಿದೆಯೆಂದು ಬಲ್ಲವರಿಂದ ನೋಡಿಸಿ.