ಎದೆಯ ನೀರು ಏನು ಹೇಳುತ್ತದೆ?

ಮಕ್ಕಳೇ, ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಆದೋನಿ ಪಟ್ಟಣವಿದೆ. ಅಲ್ಲಿನ ಹತ್ತಿ ಮಾರುಕಟ್ಟೆ ಹೆಸರುವಾಸಿ. ಆ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರೊಬ್ಬರಿದ್ದಾರೆ ಎಂದುಕೊಳ್ಳೋಣ. ಮೂರು ವಾರಗಳಿಂದ ಅವರಿಗೆ ಸಂಜೆಯಾದರೆ ಜ್ವರ, ಒಣಕೆಮ್ಮು. ಉಸಿರೆಳೆದರೆ ಎದೆಯ ಬಲಭಾಗದಲ್ಲಿ ನೋವು. "ಮೂಟೆ ಹೊತ್ತ ನೋವು, ತಾನಾಗಿಯೇ ಹೋಗುತ್ತದೆ" ಎಂದು ಅವರು ಸುಮ್ಮನಿದ್ದರು. ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬರತೊಡಗಿತು. ಆಗ ಮಗಳು ಹಟ ಹಿಡಿದು ಅವರನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ವೈದ್ಯರು ಅವರ ಬೆನ್ನಿನ ಮೇಲೆ ಒಂದು ಬೆರಳನ್ನಿಟ್ಟು, ಇನ್ನೊಂದು ಕೈಯ ಬೆರಳಿನಿಂದ ಅದನ್ನು ತಟ್ಟಿದರು. ಎಡಗಡೆ ಖಾಲಿ ಕೊಡವನ್ನು ತಟ್ಟಿದಂತೆ ಸದ್ದು ಬಂತು. ಬಲಗಡೆ ತುಂಬಿದ ಕೊಡವನ್ನು ತಟ್ಟಿದಂತೆ ಮಂದವಾದ ಸದ್ದು ಬಂತು. ಹೀಗೆ ಎದೆ ತಟ್ಟಿ ರೋಗ ಗುರುತಿಸುವ ವಿಧಾನವನ್ನು ಆಸ್ಟ್ರಿಯಾ ದೇಶದ ವೈದ್ಯ ಲಿಯೊಪೋಲ್ಡ್ ಔಎನ್‌ಬ್ರುಗರ್ 1761ರಲ್ಲಿ ಪುಸ್ತಕ ಬರೆದು ತಿಳಿಸಿದರು. ಎಕ್ಸ್-ರೇ ತೆಗೆದಾಗಲೂ ಬಲಗಡೆ ನೀರು ಕಂಡಿತು.

"ಅಪ್ಪ ಕುಡಿದ ನೀರು ಎದೆಗೆ ಹೋಯಿತೇ ಸಾರ್?" ಎಂದು ಮಗಳು ಕೇಳಿದಳು.

"ಇಲ್ಲಮ್ಮಾ" ಎಂದರು ವೈದ್ಯರು. "ಶ್ವಾಸಕೋಶದ ಸುತ್ತ ಎರಡು ತೆಳುವಾದ ಪೊರೆಗಳಿವೆ. ಅವುಗಳ ನಡುವೆ ಕೆಲವೇ ಚಮಚದಷ್ಟು ದ್ರವವಿರುತ್ತದೆ. ಉಸಿರಾಡುವಾಗ ಪೊರೆಗಳು ಒಂದಕ್ಕೊಂದು ಉಜ್ಜದೆ ಜಾರಲು ಅದು ಬೇಕು. ಕೆಲವು ರೋಗಗಳಲ್ಲಿ ಈ ದ್ರವ ಹೆಚ್ಚಾಗುತ್ತದೆ. ಆಗ ಶ್ವಾಸಕೋಶ ಅರಳಲು ಜಾಗ ಸಾಲದು. ಯಾವ ರೋಗದಿಂದ ಹೀಗಾಯಿತು ಎಂದು ಆ ನೀರನ್ನೇ ಕೇಳೋಣ."

ವೈದ್ಯರು ಸೂಜಿಯಿಂದ ಸ್ವಲ್ಪ ನೀರನ್ನು ತೆಗೆದರು. ಅದರೊಂದಿಗೆ ರಕ್ತವನ್ನೂ ಪರೀಕ್ಷೆಗೆ ಕಳುಹಿಸಿದರು.

ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುವುದನ್ನು ನೀವು ನೋಡಿದ್ದೀರಲ್ಲವೇ? ಬಟ್ಟೆ ಗಟ್ಟಿಯಾಗಿದ್ದರೆ ತಿಳಿನೀರು ಮಾತ್ರ ತೊಟ್ಟಿಕ್ಕುತ್ತದೆ. ಬಟ್ಟೆ ಜಾಳಾಗಿದ್ದರೆ ಮೊಸರೂ ಹೊರಬರುತ್ತದೆ. ಎದೆಯ ನೀರೂ ಹಾಗೆಯೇ. ಹೃದಯ ದುರ್ಬಲವಾದಾಗ ಅಥವಾ ಯಕೃತ್ತು ಕೆಟ್ಟಾಗ ಪೊರೆಗೆ ರೋಗ ತಗಲಿರುವುದಿಲ್ಲ. ಆಗ ಸಾಮಾನ್ಯವಾಗಿ ಪ್ರೋಟೀನು ಕಡಿಮೆಯಿರುವ ತಿಳಿನೀರು ಸೇರುತ್ತದೆ. ಕ್ಷಯ, ನ್ಯುಮೋನಿಯಾ, ಕ್ಯಾನ್ಸರ್‌ನಂತಹ ರೋಗಗಳು ಪೊರೆಗೇ ತಗಲಿದರೆ ರಕ್ತದ ಪ್ರೋಟೀನು ಕೂಡ ಸೋರಿ ಬರುತ್ತದೆ.

ಇವೆರಡನ್ನು ಬೇರ್ಪಡಿಸುವ ಸುಲಭವಾದ ಲೆಕ್ಕವನ್ನು ಅಮೆರಿಕದ ವೈದ್ಯ ರಿಚರ್ಡ್ ಲೈಟ್ ಮತ್ತು ಅವರ ಸಂಗಡಿಗರು 1972ರಲ್ಲಿ ಪ್ರಕಟಿಸಿದರು. ನೀರಿನ ಪ್ರೋಟೀನು ರಕ್ತದ ಪ್ರೋಟೀನಿನ ಅರ್ಧಕ್ಕಿಂತ ಹೆಚ್ಚಿದ್ದರೆ ಪೊರೆಗೇ ರೋಗ ತಗಲಿರಬಹುದು. ಎಲ್.ಡಿ.ಎಚ್. ಎಂಬ ಇನ್ನೊಂದು ವಸ್ತುವನ್ನೂ ಹೀಗೆಯೇ ಹೋಲಿಸುತ್ತಾರೆ.

ಈಗ ನೀವೇ ಲೆಕ್ಕ ಮಾಡಿ. ನಮ್ಮ ಹಮಾಲರ ರಕ್ತದಲ್ಲಿ 100 ಮಿಲಿಲೀಟರಿಗೆ 7 ಗ್ರಾಂ ಪ್ರೋಟೀನು ಇತ್ತು. ಎದೆಯ ನೀರಿನಲ್ಲಿ 5 ಗ್ರಾಂ ಇತ್ತು. 7ರ ಅರ್ಧ ಮೂರೂವರೆ. 5 ಅದಕ್ಕಿಂತ ಹೆಚ್ಚು. ಆದ್ದರಿಂದ ರೋಗ ಪೊರೆಯಲ್ಲಿದೆ ಎಂದಾಯಿತು.

ಆದರೆ ಯಾವ ರೋಗ? ಕ್ಷಯರೋಗದ ಕ್ರಿಮಿಗಳು ಈ ನೀರಿನಲ್ಲಿ ಬಹಳ ಕಡಿಮೆ ಇರುತ್ತವೆ. ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಹೆಚ್ಚಾಗಿ ಸಿಗುವುದಿಲ್ಲ. ಅದಕ್ಕಾಗಿ ಎ.ಡಿ.ಎ. ಎಂಬ ವಸ್ತುವನ್ನು ಅಳೆಯುತ್ತಾರೆ. ಅದು ಲೀಟರಿಗೆ 40 ಯೂನಿಟ್‌ಗಿಂತ ಹೆಚ್ಚಿದ್ದರೆ ಕ್ಷಯದ ಸಂಶಯ ಬಲವಾಗುತ್ತದೆ. ಇವರಲ್ಲಿ ಅದು ಹೆಚ್ಚೇ ಇತ್ತು. ಬೇರೆ ಕೆಲವು ರೋಗಗಳಲ್ಲೂ ಅದು ಏರುವುದುಂಟು. ಆದ್ದರಿಂದ ವೈದ್ಯರು ಒಂದೇ ಸಂಖ್ಯೆಯನ್ನು ನಂಬಲಿಲ್ಲ. ಜ್ವರ, ಎಕ್ಸ್-ರೇ, ನೀರಿನಲ್ಲಿದ್ದ ಜೀವಕೋಶಗಳು, ಎಲ್ಲವನ್ನೂ ಕೂಡಿಸಿ ನೋಡಿ ಕ್ಷಯವೆಂದು ತೀರ್ಮಾನಿಸಿದರು.

"ಹೆದರಬೇಡಮ್ಮಾ, ಇದು ವಾಸಿಯಾಗುವ ರೋಗ. ಔಷಧಿ ಇಲ್ಲಿ ಉಚಿತ. ಆದರೆ ಆರು ತಿಂಗಳು ತಪ್ಪದೆ ನುಂಗಬೇಕು. ಮೈ ಹಗುರವಾಯಿತೆಂದು ನಡುವೆ ಬಿಡಬಾರದು" ಎಂದರು ವೈದ್ಯರು.

ಮಗಳು ಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಾ ಬಂದಳು.

ಮಕ್ಕಳೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮು ಅಥವಾ ಜ್ವರವಿದ್ದರೆ ಸುಮ್ಮನಿರಬೇಡಿ. ಆಸ್ಪತ್ರೆಗೆ ಹೋಗೋಣವೆಂದು ಆ ಹುಡುಗಿಯಂತೆ ಹಟ ಹಿಡಿಯಿರಿ.